ಸಿಒಪಿಡಿ ಸಾವಿನ ದರ: ಹೆಂಗಸರ ಮುನ್ನಂದಾಜು ಏಕೆ ಏರುತ್ತಲೇ ಹೋಗುತ್ತದೆ?

ಅಮೆರಿಕದ 1980–2019ರ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಸಾವುಗಳಿಗೆ, ಸಾವಿನ ದರವನ್ನು ಮುನ್ನಂದಾಜಿಸುವ ಲೀ–ಕಾರ್ಟರ್ ಮಾಡೆಲ್ ಹಾಕಿದ್ದೀರಿ. ಗಂಡಸರ ಗೆರೆ ಸರಿಯಾಗಿ ಕೂತಿದೆ, ಹೆಂಗಸರದ್ದು ಮಾತ್ರ ಏರುತ್ತಲೇ ಇದೆ, ಎಲ್ಲಿ ತಪ್ಪಿದೆ ಎಂದು ಕೇಳಿದ್ದೀರಿ. ನನ್ನ ಪ್ರಕಾರ ತಪ್ಪು ನಿಮ್ಮ ಕೋಡ್‌ನಲ್ಲಿಲ್ಲ, ಮಾಡೆಲ್‌ನ ಆಯ್ಕೆಯಲ್ಲಿದೆ.

ಲೀ–ಕಾರ್ಟರ್‌ನಲ್ಲಿ ಎಲ್ಲ ವಯಸ್ಸಿಗೂ ಕಾಲದ ಸೂಚಿ (ವರ್ಷದಿಂದ ವರ್ಷಕ್ಕೆ ದರ ಎತ್ತ ಸಾಗಿದೆ ಎಂಬ ಅಂಕಿ) ಒಂದೇ. ಯಾವ ವಯಸ್ಸು ಅದಕ್ಕೆ ಎಷ್ಟು ಓಗೊಡುತ್ತದೆ ಎಂಬ ಗುಣಕ ಕೊನೆತನಕ ಬದಲಾಗುವುದಿಲ್ಲ. ಸಿಒಪಿಡಿ ಹಾಗೆ ನಡೆಯುವ ಕಾಯಿಲೆಯಲ್ಲ. ಸಿಗರೇಟಿನ ಚಟ ಹತ್ತುವುದು ಹೆಚ್ಚಾಗಿ ಹದಿಹರೆಯದಲ್ಲಿ, ಶ್ವಾಸಕೋಶ ಕೈಕೊಡುವುದು ದಶಕಗಳ ಮೇಲೆ. ಹಾಗಾಗಿ ಅಪಾಯ ಹುಟ್ಟಿದ ವರ್ಷದ ಜೊತೆ ಸಾಗುತ್ತದೆ. ಅಲ್ಲಿ ಗಂಡಸರು ಮೊದಲು ಸೇದತೊಡಗಿದರು, ಹೆಂಗಸರು ತಡವಾಗಿ. 2000ದಲ್ಲಿ ಸಿಒಪಿಡಿಯಿಂದ ಸತ್ತ ಹೆಂಗಸರ ಸಂಖ್ಯೆ ಮೊದಲ ಬಾರಿ ಗಂಡಸರದ್ದನ್ನು ದಾಟಿತು. ಆ ಏರಿಕೆಯನ್ನೇ ನಿಮ್ಮ ಮಾಡೆಲ್ ನೇರ ಗೆರೆಯಾಗಿ ಮುಂದಕ್ಕೆ ಎಳೆಯುತ್ತಿದೆ. ರೆಸಿಡ್ಯುಯಲ್‌ಗಳನ್ನು (ನಿಜ ದರಕ್ಕೂ ಮಾಡೆಲ್ ಹೇಳಿದ್ದಕ್ಕೂ ಇರುವ ವ್ಯತ್ಯಾಸ) ವಯಸ್ಸು–ವರ್ಷದ ಚೌಕದಲ್ಲಿ ಬಣ್ಣ ತುಂಬಿ ನೋಡಿ: ಓರೆ ಪಟ್ಟೆಗಳು ಕಂಡರೆ ಅದು ಹುಟ್ಟಿದ ಕಾಲದ ಪರಿಣಾಮ.

ನಾನಾದರೆ ವಯಸ್ಸು–ಅವಧಿ–ಕೋಹಾರ್ಟ್ (ಒಂದೇ ಕಾಲದಲ್ಲಿ ಹುಟ್ಟಿದವರ ಗುಂಪು) ಮಾಡೆಲನ್ನು ಗಂಡು, ಹೆಣ್ಣಿಗೆ ಬೇರೆಬೇರೆಯಾಗಿ ಹಾಕುತ್ತೇನೆ. 40–44ರಿಂದ 80–84ರವರೆಗೆ ಐದೈದು ವರ್ಷದ 9 ವಯೋಗುಂಪು, 1980–84ರಿಂದ 2015–19ರವರೆಗೆ 8 ಅವಧಿ. ಒಟ್ಟು 72 ಮನೆ (ಒಂದು ವಯೋಗುಂಪು, ಒಂದು ಅವಧಿ ಸೇರಿದರೆ ಒಂದು ಮನೆ), 16 ಕೋಹಾರ್ಟ್. 40ಕ್ಕಿಂತ ಕೆಳಗೆ ಹೋಗಬೇಡಿ, ಅಲ್ಲಿ ಸಾವು ಕಡಿಮೆ. ಅವಲಂಬಿತ ಚರಾಂಶ ಸಾವಿನ ಸಂಖ್ಯೆ, ಆಫ್‌ಸೆಟ್ ಜನಸಂಖ್ಯೆಯ ಲಾಗ್ (ಸಂಖ್ಯೆಯನ್ನು ದರವಾಗಿಸುವ ಸ್ಥಿರ ಪದ), ಹಂಚಿಕೆ ಪಾಯ್ಸಾನ್ (ಎಣಿಕೆಗಳಿಗೆ ಬಳಸುವುದು, ಇದರಲ್ಲಿ ಸರಾಸರಿಯೂ ಚದುರುವಿಕೆಯೂ ಸಮ). ಡೀವಿಯನ್ಸನ್ನು (ಮಾಡೆಲ್ ಡೇಟಾದಿಂದ ಎಷ್ಟು ದೂರವಿದೆ ಎಂಬ ಅಳತೆ) ಡಿಗ್ರೀಸ್ ಆಫ್ ಫ್ರೀಡಂನಿಂದ (ಮನೆಗಳ ಸಂಖ್ಯೆಯಿಂದ ಅಂದಾಜಿಸಿದ ಗುಣಕಗಳ ಸಂಖ್ಯೆ ಕಳೆದದ್ದು) ಭಾಗಿಸಿ; 1ಕ್ಕಿಂತ ಬಹಳ ಮೇಲಿದ್ದರೆ ಹೆಚ್ಚಿನ ಚದುರುವಿಕೆಗೆ ಜಾಗ ಕೊಡುವ ನೆಗೆಟಿವ್ ಬೈನಾಮಿಯಲ್‌ಗೆ ಹೋಗಿ, ಇಲ್ಲವಾದರೆ ಅಂದಾಜಿನ ಅಂತರ ಸುಳ್ಳು ಧೈರ್ಯ ಕೊಡುವಷ್ಟು ಕಿರಿದಾಗುತ್ತದೆ.

ಅವಧಿಯಿಂದ ವಯಸ್ಸು ಕಳೆದರೆ ಕೋಹಾರ್ಟ್ ಬಂದುಬಿಡುವುದರಿಂದ ಮೂರರ ಇಳಿಜಾರನ್ನೂ (ನೇರ ಏರಿಳಿತದ ವೇಗ) ಬಿಡಿಸಿ ಹೇಳಲಾಗದು. ಅದಕ್ಕೆ ಹೆದರಬೇಡಿ, ಅವಧಿಯನ್ನೂ ಕೋಹಾರ್ಟನ್ನೂ ನೇರ ಗೆರೆಯಲ್ಲೇ ಮುಂದುವರಿಸಿದರೆ ಇಳಿಜಾರನ್ನು ಹೇಗೆ ಹಂಚಿದರೂ ಮುನ್ನಂದಾಜು ಒಂದೇ. ಆದರೆ ಆ ಒಟ್ಟು ಇಳಿಜಾರನ್ನು ಪೂರ್ತಿ ನಂಬಬೇಡಿ. ನಾರ್ಡ್‌ಪ್ರೆಡ್ ಎಂಬ ಕ್ಯಾನ್ಸರ್ ಮುನ್ನಂದಾಜಿನ ಪದ್ಧತಿಯಲ್ಲಿ ಅದನ್ನು ಮುನ್ನಂದಾಜಿನ ಎರಡನೆಯ ಅವಧಿಗೆ 25, ಮೂರನೆಯದಕ್ಕೆ 50, ನಾಲ್ಕನೆಯದಕ್ಕೆ 75 ಶೇಕಡಾ ತಗ್ಗಿಸುತ್ತಾರೆ, ಲಾಗ್ ಬದಲು ಐದನೆಯ ಘಾತಮೂಲ ಬಳಸುತ್ತಾರೆ. ಏರಿಕೆ ಘಾತೀಯವಾಗಿ ಹಾರಿಹೋಗದಂತೆ ತಡೆಯುವುದು ಇದೇ. ಕೊನೆಯ ಕೋಹಾರ್ಟ್‌ಗೆ, ಅಂದರೆ 2015–19ರಲ್ಲಿ 40–44 ವಯಸ್ಸಾಗಿದ್ದವರಿಗೆ, ಇರುವುದು ಒಂದೇ ಮನೆ. ಆ ಅಂದಾಜು ಓಲಾಡುತ್ತದೆ. ಅದನ್ನು ಹಿಂದಿನ ಕೋಹಾರ್ಟ್ ಜೊತೆ ಸೇರಿಸಿಬಿಡಿ.

ಡೇಟಾದಲ್ಲೂ ಒಂದು ಹೊಂಡ ಇದೆ. 1999ರಲ್ಲಿ ಅಮೆರಿಕ ಸಾವಿನ ಕಾರಣಗಳ ಸಂಕೇತ ಪಟ್ಟಿಯಲ್ಲಿ ಐಸಿಡಿ-9 ಬಿಟ್ಟು ಐಸಿಡಿ-10ಕ್ಕೆ ಬಂತು. ಸಿಒಪಿಡಿ, ಆಸ್ತಮಾ ಸೇರಿದ ಇಡೀ ಗುಂಪಿಗೆ (ಹೊಸ ಪಟ್ಟಿಯ ಸಂಕೇತ ಜೆ40–ಜೆ47) ಅಧಿಕೃತ ಹೋಲಿಕೆ ಅನುಪಾತ 1.0478, ಅಂದರೆ ಸಾವು ಹೆಚ್ಚದಿದ್ದರೂ ಸಂಖ್ಯೆ ಸುಮಾರು 5 ಶೇಕಡಾ ಏರುತ್ತದೆ. 1998ರವರೆಗಿನ ಸಾವಿನ ಸಂಖ್ಯೆಯನ್ನು ಇದರಿಂದ ಗುಣಿಸಿ. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿಯ ದತ್ತಾಂಶ ತಾಣ ವಂಡರ್‌ನ ಹಳೆಯ ಫೈಲಿನಲ್ಲಿ 25ರ ಮೇಲೆ ಹತ್ತು ವರ್ಷದ ಗುಂಪುಗಳೇ ಇರುವುದರಿಂದ ಐದು ವರ್ಷದ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮರಣ ದತ್ತಾಂಶ ಬಳಸಿ. 2020ರಿಂದಾಚೆಗಿನ ಇಳಿಕೆಯನ್ನು ಪ್ರವೃತ್ತಿ ಎಂದು ಓದಬೇಡಿ, ಸಿಒಪಿಡಿ ಇದ್ದ ಎಷ್ಟೋ ಜನರ ಸಾವು ಕೋವಿಡ್ ಖಾತೆಗೆ ಹೋಗಿದೆ.

ಇದನ್ನೇ ಕರ್ನಾಟಕಕ್ಕೆ ಹಾಕುವ ಆಸೆ ಇದ್ದರೆ ಸದ್ಯ ಬಿಡಿ. ಭಾರತದಲ್ಲಿ ಕಾರಣ ಸಹಿತ ವೈದ್ಯಕೀಯ ಪ್ರಮಾಣಪತ್ರ ಸಿಗುವುದು ಸುಮಾರು ಐದರಲ್ಲಿ ಒಂದು ಸಾವಿಗೆ. ಮೇಲಾಗಿ ನಮ್ಮ ಹೆಂಗಸರಿಗೆ ಸಿಗರೇಟಿಗಿಂತ ಸೌದೆ ಒಲೆಯ ಹೊಗೆಯೇ ದೊಡ್ಡ ಶತ್ರು, ಕೋಹಾರ್ಟ್‌ನ ಕಥೆಯೇ ಬೇರೆ.

ಕೊನೆಗೆ ಪರೀಕ್ಷೆ: 2009ರವರೆಗಿನ ಡೇಟಾ ಮಾತ್ರ ಕೊಟ್ಟು 2010–19 ಊಹಿಸಿ. 2005–09ರ ದರ ಹಾಗೇ ಉಳಿಯುತ್ತದೆ ಎಂಬ ಸರಳ ಊಹೆಯನ್ನೂ ಪಕ್ಕದಲ್ಲಿಡಿ. ದೋಷವನ್ನು ಒಟ್ಟಾರೆ ನೋಡದೆ ಹೆಂಗಸರ 65–69, 75–79 ಗುಂಪುಗಳಲ್ಲಿ ಬಿಡಿಬಿಡಿಯಾಗಿ ನೋಡಿ. ಅಲ್ಲಿ ಸರಳ ಊಹೆಗೆ ಸೋತ ಮಾಡೆಲನ್ನು 2030ಕ್ಕೆ ಬಳಸಬೇಡಿ.