ಆಕಾಶದ ದೀಪ, ಅಗಸಿಯ ಅಪರಿಚಿತರು

ಓದುಗರ ಪತ್ರ (ಬಾಗಲಕೋಟೆ ಜಿಲ್ಲೆಯಿಂದ, ಹೆಸರು ಬೇಡ ಎಂದಿದ್ದಾರೆ): ಒಂದು ಸಂಜೆ ಕತ್ತಲಾದ ಮೇಲೆ ದೀಪಗಳ ಸಾಲೊಂದು ಸದ್ದಿಲ್ಲದೆ ನಮ್ಮೂರ ಮೇಲೆ ಹಾದು, ನಡು ಆಕಾಶದಲ್ಲೇ ಮಾಯವಾಯಿತು. ಎರಡು ದಿನ ಬಿಟ್ಟು ಟೆಂಪೊದಲ್ಲಿ ಬಂದ ಇಬ್ಬರು ಅಪರಿಚಿತರು ಮನೆಮನೆಗೆ ಹೋಗಿ ಮಕ್ಕಳೆಷ್ಟು, ಹೆಸರೇನು ಎಂದು ಕೇಳಿ ಬರೆದುಕೊಂಡು ಹೋದರು. ಎರಡಕ್ಕೂ ಸಂಬಂಧವಿದೆಯೇ? ಅವರ ಫೋಟೊ ಕಳಿಸಿದ್ದೇನೆ. ಜನ ಎಚ್ಚರವಾಗಿರಲಿ, ಪ್ರಕಟಿಸಿ.

ಸಂಪಾದಕರ ಉತ್ತರ: ಸಂಬಂಧ ಇಲ್ಲ. ಫೋಟೊ ಪ್ರಕಟಿಸುವುದಿಲ್ಲ. ಯಾಕೆ ಎಂದು ಸ್ವಲ್ಪ ವಿವರವಾಗಿಯೇ ಹೇಳಬೇಕು.

ದೀಪಗಳದ್ದು ಸುಲಭ. ನೀವು ಬರೆದ ಲಕ್ಷಣಗಳೆಲ್ಲ ಇಂಟರ್ನೆಟ್ ಒದಗಿಸುವ ಸ್ಟಾರ್‌ಲಿಂಕ್ ಉಪಗ್ರಹಗಳಿಗೆ ಹೊಂದುತ್ತವೆ. 2019ರಿಂದ ಅವನ್ನು ಒಂದೇ ರಾಕೆಟ್ಟಿನಲ್ಲಿ ಹತ್ತಾರು ಸಂಖ್ಯೆಯಲ್ಲಿ ಹಾರಿಸುತ್ತಿದ್ದಾರೆ. ಮೊದಲ ಕೆಲವು ದಿನ ಒಂದರ ಹಿಂದೆ ಒಂದು ಸಾಲಾಗಿ ಹೋಗಿ ಆಮೇಲೆ ಚದುರುತ್ತವೆ. ನಮಗೆ ಕತ್ತಲಾದರೂ ನೂರಾರು ಕಿಲೋಮೀಟರ್ ಮೇಲಿರುವ ಅವಕ್ಕೆ ಇನ್ನೂ ಬಿಸಿಲು ಬೀಳುತ್ತಿರುತ್ತದೆ. ಭೂಮಿಯ ನೆರಳಿಗೆ ಹೊಕ್ಕ ಕೂಡಲೇ ಕಾಣುವುದಿಲ್ಲ. ನೀವು ಮಾಯ ಎಂದಿದ್ದು ಇದನ್ನೇ.

ಆಕಾಶದಿಂದ ಒಮ್ಮೊಮ್ಮೆ ವಸ್ತುಗಳೇ ಬೀಳುವುದೂ ಉಂಟು. 2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ದೊಡ್ಡದೊಂದು ಬಲೂನು ಯಂತ್ರದ ಸಮೇತ ಬಂದು ಬಿತ್ತು. ಊರಿಗೆ ಊರೇ ಗಾಬರಿಯಾಯಿತು, ಸರಿಯೇ. ಆದರೆ ಪೊಲೀಸರಿಗೆ ಸುದ್ದಿ ಹೋಯಿತು, ಜತೆಗಿದ್ದ ಚೀಟಿ ಓದಿದರು, ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸಂಶೋಧನಾ ಬಲೂನು ಎಂದು ಗೊತ್ತಾಯಿತು. ಮುಗಿಯಿತು.

ಅದೇ ಬೀದರ್ ಜಿಲ್ಲೆಯಲ್ಲಿ 2018ರ ಜುಲೈನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ಹಂದಿಕೇರಾ ಹತ್ತಿರ ಕಾರು ನಿಲ್ಲಿಸಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಎಂಬ ಮಾತು ಹಬ್ಬಿತು. ಜನರಿಂದ ತಪ್ಪಿಸಿಕೊಂಡು ಹೊರಟ ಕಾರಿಗಿಂತ ಮೊದಲೇ ಮುರ್ಕಿಗೆ ವಾಟ್ಸ್‌ಆ್ಯಪ್ ಸಂದೇಶ ಮುಟ್ಟಿತ್ತು. ಅಲ್ಲಿ ರಸ್ತೆಗೆ ಅಡ್ಡಗಟ್ಟಿದರು, ಕಾರು ಉರುಳಿತು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಜನರ ಕೈಯಲ್ಲಿ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಬಲೂನಿನ ಚೀಟಿ ಓದುವಷ್ಟು ತಾಳ್ಮೆ ಇರುವ ನಮ್ಮ ಜನಕ್ಕೆ, ಮನುಷ್ಯನನ್ನು ‘ಯಾವೂರಪ್ಪಾ ನಿಂದು?’ ಎಂದು ಕೇಳಿ ಉತ್ತರ ಬರುವತನಕ ಕಾಯುವ ತಾಳ್ಮೆ ಅವತ್ತು ಇರಲಿಲ್ಲ. ಆ ದಿನಗಳಲ್ಲಿ ಎಲ್ಲರ ಫೋನಿನಲ್ಲಿ ಓಡಾಡಿದ ಮಗು ಅಪಹರಣದ ವಿಡಿಯೊ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಮಗುವನ್ನು ವಾಪಸ್ ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹರಿಬಿಟ್ಟಿದ್ದರು.

ಮುರ್ಕಿಗಿಂತ ಮೊದಲು, ಜುಲೈ 1ರಂದು, ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಐವರನ್ನು ಪಂಚಾಯಿತಿ ಕಚೇರಿಯೊಳಗೇ ಕೂಡಿಹಾಕಿ ಬಡಿದು ಕೊಂದರು. ಅವರು ಭಿಕ್ಷೆಗೆ ಊರೂರು ಸುತ್ತುವ ಡವರಿ ಗೋಸಾವಿ ಸಮುದಾಯದವರು. ಸುತ್ತುವುದೇ ಅವರ ಕಸುಬು.

ಈಗ ನಿಮ್ಮ ಇಬ್ಬರು ಅಪರಿಚಿತರ ವಿಷಯ. ಫೋಟೊ ದೊಡ್ಡದು ಮಾಡಿ ನೋಡಿದೆ. ವಯಸ್ಸಾದವರ ಕಂಕುಳಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಪುಸ್ತಕವಿದೆ, ಟೆಂಪೊದಲ್ಲಿ ಜೋಳದ ಚೀಲಗಳಿವೆ. ಫೋಟೊ ನೋಡಿ ತೀರ್ಪು ಕೊಡಲಾರೆ. ಆದರೆ ನಿಮ್ಮ ಮನೆಯ ಹಿರಿಯರನ್ನು ಕೇಳಿ, ‘ನಮ್ಮ ಮನಿಗೆ ಹೆಳವರು ಬರ್ತಿದ್ರೇನು?’ ಅಂತ. ಹಿಂದೆ ಅವರು ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬರುತ್ತಿದ್ದರು. ಕೆಲವು ವರ್ಷಕ್ಕೊಮ್ಮೆ ಬಂದು ಮನೆತನದ ಮೂಲಪುರುಷನಿಂದ ಹಿಡಿದು ವಂಶಾವಳಿ ಹಾಡಿ, ಕಾಳುಕಡಿ ಪಡೆದು, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಂಡು ಹೋಗುವುದು ಅವರ ಕೆಲಸ. ಈಗ ಟೆಂಪೊ ಬಂದಿದೆ. ಮನೆಯಲ್ಲಿ ಮಕ್ಕಳೆಷ್ಟು ಎಂದು ಕೇಳದೆ ಹೆಳವನ ಪುಸ್ತಕ ಮುಂದೆ ಸಾಗುವುದೇ ಇಲ್ಲ. ಅಜ್ಜನಿಗೆ ಮರ್ಯಾದೆಯಾಗಿ ಕಂಡ ಪ್ರಶ್ನೆಯೇ ಮೊಮ್ಮಗನಿಗೆ ಸಂಚಾಗಿ ಕಾಣುತ್ತಿದೆ. ನಸುಕಿನಲ್ಲಿ ಬರುವ ಬುಡಬುಡಿಕೆಯವರು, ಸುಡುಗಾಡು ಸಿದ್ಧರು, ದುರುಗಮುರುಗಿಯವರು, ಎಲ್ಲರ ಪಾಡೂ ಇಷ್ಟೇ. (1990ರ ದಶಕದಲ್ಲಿ ‘ನಾಳೆ ಬಾ’ ಎಂದು ಬಾಗಿಲ ಮೇಲೆ ಬರೆದು ದೆವ್ವವನ್ನೇ ಮಾತಿನಲ್ಲಿ ಸಾಗಹಾಕಿದ ಜನ ನಾವು. ಬಡಿಗೆ ಎತ್ತಿರಲಿಲ್ಲ.)

ಹಾಗಂತ ಬಂದವರನ್ನೆಲ್ಲ ಕಣ್ಣುಮುಚ್ಚಿ ನಂಬಿ ಎನ್ನುತ್ತಿಲ್ಲ. ಅನುಮಾನ ಬಂದರೆ ಕಟ್ಟೆಯ ಮೇಲೆ ಕೂರಿಸಿ, ಊರು, ಕಸುಬು ವಿಚಾರಿಸಿ. ಸಮಾಧಾನ ಆಗದಿದ್ದರೆ 112ಕ್ಕೆ ಫೋನ್ ಮಾಡಿ. ಪೊಲೀಸರು ಬರುವವರೆಗೆ ಅವರ ಮೈಮೇಲೆ ಯಾರೂ ಕೈ ಮಾಡದಂತೆ ನೋಡಿಕೊಳ್ಳುವುದೂ ನಿಮ್ಮದೇ ಹೊಣೆ. ಆ ಫೋಟೊವನ್ನು ಊರಿನ ಗುಂಪಿಗೆ ಹಾಕಿದ್ದರೆ ಇವತ್ತೇ ಅಳಿಸಿ. 2018ರ ಜುಲೈನಲ್ಲೇ ವಾಟ್ಸ್‌ಆ್ಯಪ್ ನಮ್ಮ ದೇಶದಲ್ಲಿ ಸಂದೇಶ ದಾಟಿಸುವುದನ್ನು ಒಂದು ಸಲಕ್ಕೆ ಐದು ಕಡೆಗೆ ಸೀಮಿತಗೊಳಿಸಿತು, ಆದರೆ ಐದು ಊರೇನು ಕಡಿಮೆಯೇ?

ಅವರು ಹೆಳವರೇ ಆಗಿದ್ದು ಮತ್ತೆ ಬಂದರೆ, ನಿಮ್ಮ ಮನೆತನದ ಪುಟ ತೆಗೆಸಿ ಓದಿಸಿ. ಎಷ್ಟು ತಲೆಮಾರು ಹಿಂದಕ್ಕೆ ಹೋಗುತ್ತದೆ, ಮೂಲ ಊರು ಯಾವುದು ಎಂದು ಬರೆದು ಕಳಿಸಿ. ಆ ಪತ್ರವನ್ನು ಖಂಡಿತ ಪ್ರಕಟಿಸುತ್ತೇವೆ.