ದಂಡೆಯಲ್ಲಿ ಅಲೆಯುವ ಜೀವ

ಪ್ರಶ್ನೆ: ನಾನು ಹೊನ್ನಾವರದವನು. ಮೇ ಕೊನೆಯಲ್ಲಿ ಶರಾವತಿ ಅಳಿವೆಯಲ್ಲಿ ದೋಣಿ ಮಗುಚಿ ನನ್ನ ಪಾಲುದಾರ, ಇಪ್ಪತ್ತು ವರ್ಷದ ಗೆಳೆಯ, ತೀರಿಹೋದ. ದೇಹ ಸಿಗಲಿಲ್ಲ. ಅವನು ಮುಸ್ಲಿಂ. ‘ಮಣ್ಣಾಗದ ಜೀವ ದಂಡೆಯಲ್ಲೇ ಅಲೀತದೆ, ಗೋಕರ್ಣದಲ್ಲಿ ಪಿಂಡ ಬಿಟ್ಟು ಬಾ’ ಅಂತಾಳೆ ನಮ್ಮಮ್ಮ. ಅವನ ಹೆಂಡತಿಗೆ ಹೇಳದೇ ಮಾಡಿಬಿಡಲೇ? ಬಲೆಗೆಂದು ಅವನು ನನ್ನಿಂದ ಪಡೆದ 40,000 ರೂಪಾಯಿ ಹಾಗೇ ಉಳಿದಿದೆ. ಅದು ಬೇರೆ ಮಾತು ಬಿಡಿ.

ಉತ್ತರ: ಬೇರೆ ಮಾತಲ್ಲ, ಇರಿ, ಅಲ್ಲಿಗೇ ಬರುತ್ತೇನೆ.

ಅಮ್ಮನ ಭಯಕ್ಕೆ ನಗಬೇಡಿ, ಅದೂ ಮಮತೆಯೇ. ಆದರೆ ನಿಮ್ಮ ಗೆಳೆಯ ನಂಬಿದ್ದು ಬೇರೆ. ಅವರಲ್ಲಿ ಸತ್ತವರ ರೂಹು, ಅಂದರೆ ಆತ್ಮ, ಅಲೆಯುವುದಿಲ್ಲ. ಖಿಯಾಮತ್ತಿನವರೆಗೆ, ಅಂದರೆ ಅಂತಿಮ ತೀರ್ಪಿನ ದಿನದವರೆಗೆ, ಬರ್ಝಖ್ ಎಂಬ ನಡುಲೋಕದಲ್ಲಿರುತ್ತದೆ. ಮುನ್ಕರ್, ನಕೀರ್ ಎಂಬ ಇಬ್ಬರು ದೇವದೂತರು ಬಂದು ‘ನಿನ್ನ ಒಡೆಯ ಯಾರು?’ ಎಂದು ಕೇಳುವುದಕ್ಕೆ ಕಬರಿನ ಗುಂಡಿಯೇ ಬೇಕೆಂದಿಲ್ಲ, ಕಡಲು ನುಂಗಿದವನಿಗೂ ಆ ಪ್ರಶ್ನೆ ತಪ್ಪದು ಎನ್ನುತ್ತಾರೆ ಉಲೇಮಾಗಳು, ಅವರ ಧರ್ಮಪಂಡಿತರು. ಅಮ್ಮನಿಗೆ ಇದನ್ನಂತೂ ಹೇಳಿ: ನೀರಲ್ಲಿ ಮುಳುಗಿ ಸತ್ತವರನ್ನು ಪ್ರವಾದಿಯವರು ಹುತಾತ್ಮರ ಸಾಲಿಗೆ ಸೇರಿಸಿದ್ದಾರೆ.

ಪಿಂಡ ಬೇಡ. ಹಬ್ಬದ ದಿನ ಮನೆಗೆ ಬಂದವನಿಗೆ ‘ನೈವೇದ್ಯದ್ದು, ತಿಂತೀಯೇನೋ?’ ಎಂದು ಕೇಳಿಯೇ ಬಡಿಸಿರುತ್ತೀರಿ. ಈಗ ಕೇಳೋಣವೆಂದರೆ ಅವನಿಲ್ಲ. ಹೆಂಡತಿಗೂ ತಿಳಿಸದೇ ಮಾಡುವುದಂತೂ ಸಲ್ಲ.

ಇನ್ನು ಆ ನಲವತ್ತು ಸಾವಿರ. ಸಾಲ ತೀರುವ ತನಕ ಸತ್ತವನ ಆತ್ಮ ಅದಕ್ಕೆ ಸಿಕ್ಕಿಕೊಂಡೇ ಇರುತ್ತದೆ ಎಂದು ಹದೀಸ್, ಅಂದರೆ ಪ್ರವಾದಿಯವರ ಮಾತು, ಇದೆ. ಒಮ್ಮೆ ಎರಡು ದಿನಾರ್ ಬಾಕಿ ಉಳಿಸಿ ಸತ್ತವನೊಬ್ಬನ ಜನಾಝಾ ನಮಾಜಿಗೆ, ಅಂದರೆ ಅಂತ್ಯಸಂಸ್ಕಾರದ ಪ್ರಾರ್ಥನೆಗೆ, ಪ್ರವಾದಿಯವರು ನಿಲ್ಲಲೇ ಇಲ್ಲ. ‘ಆ ಸಾಲ ನನ್ನದು’ ಎಂದು ಅವರ ಸಂಗಾತಿ ಅಬೂ ಖತಾದಾ ಮುಂದೆ ಬಂದ ಮೇಲೆಯೇ ನಿಂತರು. ನಿಮ್ಮಮ್ಮ ಕಂಡ ಅಲೆದಾಟಕ್ಕೆ ಅವರ ಧರ್ಮದಲ್ಲಿ ತೀರ ಹತ್ತಿರದ ಸಂಗತಿ ಇದ್ದರೆ ಇದೇ, ಮತ್ತು ಅದರ ಗಂಟು ನಿಮ್ಮ ಕೈಯಲ್ಲಿದೆ! ಬಿಡಲು ಶಕ್ತಿ ಇದ್ದರೆ ಬಿಟ್ಟುಬಿಡಿ. ಸಾಲ ಕೊಟ್ಟವನು ಮನಸಾರೆ ಬಿಟ್ಟರೆ ತೀರಿಸಿದಂತೆಯೇ. ಆಗದಿದ್ದರೆ ಸಂಕೋಚ ಬೇಡ, ಆಸ್ತಿ ಹಂಚುವ ಮೊದಲು ಸಾಲ ತೀರಿಸಬೇಕೆಂದು ಕುರಾನೇ ಹೇಳುತ್ತದೆ. ಬಾಯಿ ಮುಚ್ಚಿಕೊಂಡು ಕೂರುವುದೊಂದೇ ತಪ್ಪು. ಅವನ ಪಾಲಿನ ಮೀನಿನ ಹಣ ನಿಮ್ಮ ಬಳಿ ಉಳಿದಿದ್ದರೆ ಅದನ್ನೂ ಲೆಕ್ಕಕ್ಕೆ ತನ್ನಿ.

ಅವನ ಹೆಂಡತಿ ಈಗ ಇದ್ದತ್‌ನಲ್ಲಿರುತ್ತಾರೆ, ಗಂಡ ಸತ್ತ ಮೇಲೆ ಹೆಂಡತಿ ಪಾಲಿಸುವ ಶೋಕದ ಅವಧಿ ಅದು, 4 ತಿಂಗಳು 10 ದಿನ. ನೀವೊಬ್ಬರೇ ಹೋಗಬೇಡಿ. ಅಮ್ಮನನ್ನು ಕರೆದುಕೊಂಡು ಹೋಗಿ ಒಳಗೆ ಕಳಿಸಿ, ನೀವು ಜಗಲಿಯಲ್ಲಿ ಅವರ ಅಣ್ಣನೋ ತಮ್ಮನೋ ಇದ್ದರೆ ಅವರೆದುರು ಲೆಕ್ಕದ ಪುಸ್ತಕ ಬಿಚ್ಚಿ.