ಹಸಿ ಆಯ್ಸ್ಟರ್ ತಿನ್ನಲು ಯಾವ ತಿಂಗಳು ಸುರಕ್ಷಿತ?

ಹೆಸರಿನಲ್ಲಿ ‘ರ’ಕಾರವಿರುವ ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗಿನ ತಿಂಗಳುಗಳಲ್ಲಿ ಮಾತ್ರ ಆಯ್ಸ್ಟರ್ ಎಂಬ ಸಿಂಪಿಯನ್ನು ಹಸಿಯಾಗಿ ತಿನ್ನಬೇಕೆಂಬ ಯುರೋಪ್, ಅಮೆರಿಕಗಳ ಹಳೆಯ ರೂಢಿ (ಕನ್ನಡದ ಬರಹಕ್ಕೂ ಅದು ಹೊಂದುವುದು ಸೋಜಿಗ) ಅರ್ಧ ಮಾತ್ರ ನಿಜ. ಮೆಕ್ಸಿಕೊ ಕೊಲ್ಲಿಯಂಥ ಕಡೆ ಬೇಸಿಗೆಯಲ್ಲಿ ನೀರು ಬಿಸಿಯೇರಿದಾಗ ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ವೇಗವಾಗಿ ಹೆಚ್ಚುತ್ತದೆ. ಮೊಟ್ಟೆಯಿಡುವ ಹಂಗಾಮೂ ಅದೇ ಆದ್ದರಿಂದ ಆಗ ಮಾಂಸ ಬಿಗಿ ಕಳೆದುಕೊಂಡು ಹಾಲುಹಾಲಾಗಿರುತ್ತದೆ. ಹಾಗೆಂದು ಉಳಿದ ತಿಂಗಳುಗಳು ನಿರ್ಭಯವೇನಲ್ಲ, ಏಕೆಂದರೆ ಕೊಳಚೆ ಸೇರಿದ ನೀರಿನಲ್ಲಿ ಬೆಳೆದ ಸಿಂಪಿಯಿಂದ ಚಳಿಗಾಲದಲ್ಲೂ ವಾಂತಿ-ಭೇದಿ ತರುವ ನೊರೊವೈರಸ್ ತಗಲುತ್ತದೆ. ಕಲುಷಿತ ಸಿಂಪಿಯನ್ನು ಬಣ್ಣ, ವಾಸನೆ, ರುಚಿಗಳಿಂದ ಗುರುತಿಸಲಾಗದು. ಮೇಲೆ ಹಿಂಡಿದ ನಿಂಬೆರಸವೂ ರೋಗಾಣುಗಳನ್ನು ಕೊಲ್ಲದು. ಯಕೃತ್ತಿನ ಕಾಯಿಲೆ ಅಥವಾ ಮಧುಮೇಹವಿರುವವರು ಮತ್ತು ಗರ್ಭಿಣಿಯರು ಯಾವ ತಿಂಗಳಲ್ಲಾದರೂ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.